ಸ್ಟಾಕ್ ಬರಬೇಕು

ಪರಶುರಾಂಪುರದ ಕಡೆಯ ಒಂದು ಹಳ್ಳಿಯಲ್ಲಿ ಶಾಂತಕುಮಾರಿ ನ್ಯಾಯಬೆಲೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ತೊಂಬತ್ತರ ದಶಕದ ಕೊನೆಯ ಮಾತು. ಅಂಗಡಿಯ ಕಪ್ಪು ಹಲಗೆಯ ಮೇಲೆ ‘ದಾಸ್ತಾನು’ ಎಂದು ಬರೆದಿತ್ತು. ಆ ಪದವನ್ನು ಆಡುವವರು ಯಾರೂ ಇರಲಿಲ್ಲ. ಚಳ್ಳಕೆರೆಯ ಮಂಡಿಯವರು ಮಾಲು ಅನ್ನುತ್ತಿದ್ದರು, ರೈತರು ಸರಕು ಅನ್ನುತ್ತಿದ್ದರು, ಹೆಂಗಸರಿಗೆ ಎಲ್ಲವೂ ಸಾಮಾನೇ. ಶಾಂತಕುಮಾರಿ ಮಾತ್ರ ತಾಲ್ಲೂಕು ಆಫೀಸಿನವರ ಬಾಯಿಂದ ‘ಸ್ಟಾಕ್’ ಕಲಿತಿದ್ದಳು. ‘ಸೀಮೆಎಣ್ಣೆ ಇಲ್ಲ’ ಅಂದರೆ ಜನ ಯಾಕಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ‘ಸ್ಟಾಕಿಲ್ಲ’ ಅಂದರೆ ತೆಪ್ಪಗೆ ಹೋಗುತ್ತಿದ್ದರು.

ಆ ಸಲ ಅಂಗಡಿಯ ಯಜಮಾನರ ಮನೆಯಲ್ಲಿ ಮದುವೆ. “ಹಿಂದಿನ ಡ್ರಮ್ಮು ಮುಟ್ಟಬೇಡಮ್ಮ, ಚಪ್ಪರದ ದೀಪಕ್ಕೆ ಬೇಕು” ಎಂದಿದ್ದರು. ಡ್ರಮ್ಮಿನ ಮೇಲೆ ಗೋಣಿ ಹೊದಿಸಿದವಳು ಶಾಂತಕುಮಾರಿಯೇ.

ಮರುದಿನ ಬೆಳಿಗ್ಗೆ ಊರಾಚೆಯ ಹಟ್ಟಿಯಿಂದ ಸೂರಮ್ಮ ಡಬ್ಬಿ ಹಿಡಿದು ಬಂದಳು. ಮನೆಯಲ್ಲಿ ತೆಲುಗು ಆಡುವ ಮುದುಕಿ. ಸೊಸೆ ಹೆತ್ತು ವಾರವಾಗಿತ್ತು, ಅವರ ಗುಡಿಸಲಿಗೆ ಕರೆಂಟು ಇರಲಿಲ್ಲ.

“ಸ್ಟಾಕಿಲ್ಲಮ್ಮ. ಬರಬೇಕು.”

“ಬರ್ಲಿ ಬಿಡವ್ವ, ಕುಂತಿರ್ತೀನಿ” ಎಂದು ಸೂರಮ್ಮ ಬೇವಿನ ಬುಡದಲ್ಲಿ ಕುಳಿತಳು. ಬಿಸಿಲು ನೆತ್ತಿಗೇರಿತು. ರಸ್ತೆಯಲ್ಲಿ ಬಸ್ಸು ನಿಂತಾಗಲೆಲ್ಲ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು, ಇಳಿದವರನ್ನು ನೋಡುತ್ತಿದ್ದಳು. ಸಂಜೆ ಒಳಗೆ ಇಣುಕಿ ಕೇಳಿದಳು: “ಇನ್ನೂ ಬರ್ಲಿಲ್ವಾ ಆವಯ್ಯ? ಯಾವೂರಾತ?”

ಅಕ್ಕಿಗೆ ನಿಂತಿದ್ದವರು ಗೊಳ್ಳೆಂದು ನಕ್ಕರು. ಶಾಂತಕುಮಾರಿಗೂ ನಗು ತಡೆಯಲಾಗಲಿಲ್ಲ. ಆಸ್ಪತ್ರೆಗೆ ಹೋದರೆ ಡಾಕ್ಟರಿಲ್ಲ, ಆಫೀಸಿಗೆ ಹೋದರೆ ಸಾಹೇಬರಿಲ್ಲ ಎಂದು ಕೇಳಿಕೊಂಡೇ ಮುದುಕಿಯಾದವಳು, ಸ್ಟಾಕ್ ಎಂಬವನೂ ಅಂಥವನೇ ಒಬ್ಬ ಎಂದುಕೊಂಡಿದ್ದಳು. ಎಲ್ಲರೂ ಯಾಕೆ ನಗುತ್ತಾರೆಂದು ತಿಳಿಯದೆ ಸೂರಮ್ಮ ತಾನೂ ಸ್ವಲ್ಪ ನಕ್ಕು, ಖಾಲಿ ಡಬ್ಬಿ ಹಿಡಿದು ಹೋದಳು. ಆ ನಗು ಶಾಂತಕುಮಾರಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮದುವೆಮನೆಯ ಊಟ ಬಾಯಿಗೆ ರುಚಿಸಲಿಲ್ಲ.

ಮುಂದಿನ ವಾರ ಸೂರಮ್ಮ ಬಂದಾಗ ಬಲಗೈಗೆ ಬಟ್ಟೆ ಸುತ್ತಿತ್ತು.

“ಏನಾಯ್ತಮ್ಮ?”

“ಕೂಸು ಅಳ್ತಿತ್ತು, ಕತ್ಲು. ಜೋಳದ ಕಡ್ಡಿ ಹಚ್ಚಿ ಹಿಡಿದಿದ್ದೆ. ಸುಟ್ಕೊಂತು. ನೀನೇನ್ ಮಾಡ್ತೀಯವ್ವ, ಆವಯ್ಯ ಬರ್ಲಿಲ್ಲ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಶಾಂತಕುಮಾರಿ ಅಳತೆಯ ಪಾತ್ರೆ ಕೆಳಗಿಟ್ಟಳು.

“ಸ್ಟಾಕ್ ಅಂದ್ರೆ ಮನುಷ್ಯ ಅಲ್ಲಮ್ಮ. ಕೂಡಿಟ್ಟಿರೋ ಸಾಮಾನು. ಅವತ್ತು ಎಣ್ಣೆ ಇತ್ತು. ಬೇರೆಯವರಿಗೆ ಅಂತ ಮುಚ್ಚಿಟ್ಟಿದ್ದೆ.”

ಸೂರಮ್ಮ ಡಬ್ಬಿಯನ್ನು ನೆಲಕ್ಕಿಟ್ಟಳು.

“ಐತೆ, ಕೊಡಾಕಾಗಲ್ಲ ಅಂದಿದ್ರೆ ಪಕ್ಕದ ಮನ್ಯಾಗೆ ಒಂದ್ ಬುಡ್ಡಿ ಎಣ್ಣೆ ಕೇಳ್ತಿದ್ನಲ್ಲವ್ವ. ಹೊತ್ತು ಮುಳುಗೋವರ್ಗೂ ಕುಂತಿದ್ನಲ್ಲ ನಾನು.”

ಶಾಂತಕುಮಾರಿ ಡಬ್ಬಿಯನ್ನು ಬಾಯಿವರೆಗೆ ತುಂಬಲು ಹೋದಳು. ಸೂರಮ್ಮ ತಡೆದಳು. “ನಮ್ದೆಷ್ಟೋ ಅಷ್ಟು ಹಾಕು.”

ಅಲ್ಲಿಂದಾಚೆಗೆ ಶಾಂತಕುಮಾರಿ ಡ್ರಮ್ಮುಗಳನ್ನು ಬಾಗಿಲ ಮುಂದೆಯೇ ಇಡಿಸಿದಳು. ಯಜಮಾನರು ಗೊಣಗಿದರು, ಅವಳು ಕೇಳಲಿಲ್ಲ. ಮುಗಿದಾಗ ಮುಚ್ಚಳ ತೆಗೆದು ತೋರಿಸುತ್ತಿದ್ದಳು. ಹಟ್ಟಿಗೂ ಒಮ್ಮೆ ಹೋಗಿ ಕೂಸನ್ನು ಎತ್ತಿಕೊಂಡಳು. ಸೊಸೆ ಮಜ್ಜಿಗೆ ಕೊಟ್ಟಳು. ಸೂರಮ್ಮ ಹೊರಗೆ ಕುರಿಮರಿಗೆ ಸೊಪ್ಪು ಕಟ್ಟುತ್ತ ಉಳಿದಳು, ಒಳಗೆ ಬರಲಿಲ್ಲ. ಆಮೇಲೆ ಅಂಗಡಿಗೆ ಬರುತ್ತಿದ್ದವಳು ಸೊಸೆಯೇ. ಅವಳ ಕೈಯಲ್ಲಿ ಡಬ್ಬಿ ಕಂಡಾಗಲೆಲ್ಲ ಶಾಂತಕುಮಾರಿಯ ಕಣ್ಣು ಅವಳ ಹಿಂದಿನ ದಾರಿಯ ಕಡೆ ಹೋಗುತ್ತಿತ್ತು.