ಸೋಸದ ನೀರು

ಪಾಯಪ್ಪಣ್ಣನವರ ಗಲ್ಲದ ಮೇಲೆ ನೊಣ ಕೂತರೆ ಜಾರಿ ಬೀಳುತ್ತದೆ ಎಂದು ನಾವು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ದಿನಾ ಅಷ್ಟು ನುಣ್ಣಗೆ ಕ್ಷೌರ ಮಾಡಿಕೊಂಡು ಬರುತ್ತಿದ್ದರು, ಅದೂ ಮಡಚುವ ಹಳೇ ಕತ್ತಿಯಲ್ಲಿ. ನಮ್ಮ ಕಡೆ ಅದಕ್ಕೆ ವಸ್ತರಾ ಅನ್ನುತ್ತಾರೆ. ಕ್ಷೌರದಂಗಡಿಯವರೇ ಅದನ್ನು ಬಿಟ್ಟು ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಕೆಗೆ ಬಂದಾಗಿತ್ತು. ಇವರು ಬಿಟ್ಟಿರಲಿಲ್ಲ.

ಬೆಳಗಾವಿ ಹತ್ತಿರದ ಮಚ್ಛೆಯ ಆ ಕಾರ್ಖಾನೆಯಲ್ಲಿ ಉಕ್ಕಿನ ಬಿಡಿಭಾಗಗಳಿಗೆ ಕೊನೆಯ ಹೊಳಪು ಕೊಡುವುದು ಅವರ ಕೆಲಸ, ನಾನು ಸ್ಟೋರಿನಲ್ಲಿದ್ದೆ. ಹೊಳಪಿಗೆ ಬಳಸುವುದು ಉಜ್ಜುವ ಫಿಲ್ಮು: ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳಿನ ಪುಡಿ. ಒರಟಿಗೆ ನೀಲಿ, ನಯಕ್ಕೆ ಬಿಳಿ. ಬಿಸಾಡುವ ತುಂಡುಗಳನ್ನು ಕೂಡ ಪಾಯಪ್ಪಣ್ಣ ಮ್ಯಾನೇಜರನ್ನು ಕೇಳಿಯೇ ಮನೆಗೆ ಒಯ್ಯುತ್ತಿದ್ದರು. ಕೇಳದೆ ಒಯ್ದರೆ ಅದೇ ಕತ್ತಿ ತಮ್ಮ ಕೆನ್ನೆ ಕೊಯ್ದೀತು ಎಂಬ ಭಯ ಅವರಿಗೆ. ಇಂಥ ಪಾಪಭೀರುವನ್ನು ನಾನು ಬೇರೆಲ್ಲೂ ನೋಡಿಲ್ಲ.

ಬೆಳಗಾವಿಯ ವಡಗಾವಿ ಭಾಗದಲ್ಲಿದ್ದ ಅವರ ಮನೆಯ ಹಿಂಬಾಗಿಲ ಕಟ್ಟೆಯ ಮೇಲೆ ಒಂದು ದಪ್ಪ ಗಾಜಿನ ತುಂಡು. ಅದಕ್ಕೆ ನೀರು ಚಿಮುಕಿಸಿ ಫಿಲ್ಮು ಅಂಟಿಸಿ, ಬೆನ್ನೂ ಬಾಯಿಯೂ ಒಟ್ಟಿಗೆ ತಾಗುವಂತೆ ಕತ್ತಿಯನ್ನು ಮಲಗಿಸಿ, ಭಾರ ಹಾಕದೆ ಎಳೆಯುತ್ತಿದ್ದರು. ಯಾರಾದರೂ ಮೊದಲೇ ಒರಟು ಫಿಲ್ಮಿಗೆ ಕೈ ಹಾಕಿದರೆ ಅವರಿಗೆ ಸಿಟ್ಟು. “ನೀಲಿ ಹಾಳಿ ಅಂದ್ರ ಡಾಕ್ಟರ್ ಕತ್ತರಿ ಇದ್ದಂಗಪಾ. ಬ್ಯಾನಿ ಇದ್ರಷ್ಟ ತಗೀಬೇಕು. ಮೊದಲ ಬಿಳಿದರ ಮ್ಯಾಲ ಎಳದ ನೋಡು, ಅದರಾಗ ಆತಂದ್ರ ಮುಗೀತು” ಅನ್ನುತ್ತಿದ್ದರು. ಕೊನೆಗೆ ಬೇರೆಯವರಾದರೆ ಚರ್ಮದ ಪಟ್ಟಿಗೆ ಉಜ್ಜುತ್ತಾರೆ. ಇವರದು ಜೈನರ ಮನೆ, ಚರ್ಮ ಹೊಸಿಲು ದಾಟುವಂತಿಲ್ಲ. ಅದಕ್ಕೆಂದೇ ಓಣಿಯ ಮಗ್ಗದಲ್ಲಿ ದಪ್ಪನೆಯ ಹತ್ತಿ ಪಟ್ಟಿ ನೇಯಿಸಿಕೊಂಡಿದ್ದರು. ನೀರಂತೂ ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು. ಕುಡಿಯುವ ನೀರನ್ನು ಜೀವಹಿಂಸೆಯಾಗಬಾರದೆಂದು ಸೋಸುತ್ತಿದ್ದರು, ಫಿಲ್ಮಿನ ನೀರನ್ನು ಒಂದು ಕಣ ಮರಳು ಕೆಳಗೆ ಸೇರಿದರೂ ಕತ್ತಿಯ ಬಾಯಿ ಹೋಗುತ್ತದೆಂದು.

ಖಾನಾಪುರದ ನಮ್ಮ ಮನೆಯ ಕಪಾಟಿನಲ್ಲಿ ಅಜ್ಜನ ವಸ್ತರಾ ತುಕ್ಕು ಹಿಡಿದು ಬಿದ್ದಿತ್ತು. ಒಂದು ಸಂಜೆ ಕೆಲಸ ಮುಗಿಸಿ ಅದನ್ನು ಹಿಡಿದುಕೊಂಡು ಅವರ ಜೊತೆ ವಡಗಾವಿಗೆ ಹೋದೆ. ನನಗೋ ಊರಿನ ಬಸ್ಸಿನ ಚಿಂತೆ. ಆಯ್ತೇನ್ರಿ, ಆಯ್ತೇನ್ರಿ ಎಂದು ಪೀಡಿಸುತ್ತಲೇ ಇದ್ದೆ. ಅವಸರದಲ್ಲಿ ಅವರು ನಲ್ಲಿಯ ನೀರನ್ನೇ ಗಾಜಿಗೆ ಚಿಮುಕಿಸಿದರು. ತುಕ್ಕೆಲ್ಲ ಹೋಗಿ ಬಿಳಿ ಫಿಲ್ಮಿಗೆ ಬಂದಾಗ ಸಣ್ಣಗೆ ಟಿಕ್ ಅಂದಿತು. ಅಲಗಿನ ನಡುವೆ ಅಕ್ಕಿಕಾಳಿನಷ್ಟು ಚೂರು ಹಾರಿ, ನೀರಿನ ಜೊತೆ ಬಚ್ಚಲು ಸೇರಿತು. ಅವರ ಮುಖ ನೋಡಲಾಗಲಿಲ್ಲ. ಸಮಾಧಾನಕ್ಕೆಂದು, ಅದು ಮೊದಲೇ ಸೀಳು ಬಿಟ್ಟಿತ್ತು, ನೀವೇನೂ ಮಾಡಿಲ್ಲ ಎಂದುಬಿಟ್ಟೆ. ಬಾಯಿಗೆ ಬಂದದ್ದು ಹೇಳಿ ಬಸ್ಸಿಗೆ ಓಡಿದೆ. ಅವರು ರಾತ್ರಿಯೆಲ್ಲ ಉಜ್ಜಿ ಮುರಿದ ಜಾಗದ ಗುರುತನ್ನೂ ನಯ ಮಾಡಿ ಮರುದಿನ ತಂದುಕೊಟ್ಟರು.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಜೈನರು ಎಲ್ಲರಲ್ಲೂ ಕ್ಷಮೆ ಕೇಳುತ್ತಾರೆ. ತಿಳಿದೋ ತಿಳಿಯದೆಯೋ ಆದ ತಪ್ಪು ಎಂದು ಒಟ್ಟಾರೆ ಕೇಳುವುದು ರೂಢಿ. ಪಾಯಪ್ಪಣ್ಣ ಮಾತ್ರ ತಪ್ಪಿನ ಹೆಸರು ಹಿಡಿದು ಕೇಳುತ್ತಿದ್ದರು. ಆ ವರ್ಷದಿಂದ ಪ್ರತಿ ಕ್ಷಮಾವಣಿಗೂ, ನಿವೃತ್ತರಾದ ಮೇಲೂ, ಬಸ್ಸು ಹತ್ತಿ ಖಾನಾಪುರಕ್ಕೆ ಬಂದು ಬಾಗಿಲಲ್ಲಿ ಕೈ ಮುಗಿದು, “ಉತ್ತಮ ಕ್ಷಮಾ. ಅಜ್ಜಾರ ವಸ್ತರಾ ಮುರದೇನಿ” ಅನ್ನುತ್ತಿದ್ದರು. ನಾನು ನಗುತ್ತ ಏನೂ ಆಗಿಲ್ಲ ಬಿಡ್ರಿ, ಒಳಗೆ ಬರ್ರಿ ಎನ್ನುತ್ತಿದ್ದೆ. ಅವರು ಹೊಸಿಲ ಹೊರಗಿನಿಂದಲೇ ಹೊರಟುಬಿಡುತ್ತಿದ್ದರು. ನನ್ನ ಹೆಂಡತಿ ಅವರಿಗೆ ವಸ್ತರಾದವರು ಎಂದೇ ಹೆಸರಿಟ್ಟಿದ್ದಳು.

ಹೋದ ವರ್ಷ ಗಣಪತಿ ಹಬ್ಬಕ್ಕೆ ಸೋದರತ್ತೆ ಬಂದಿದ್ದರು. ಕಪಾಟಿನಲ್ಲಿ ಆ ಕತ್ತಿ ಕಂಡು ಕೈಗೆತ್ತಿಕೊಂಡು, ಸಣ್ಣವಳಿದ್ದಾಗ ಇದನ್ನು ಬಚ್ಚಲಗಲ್ಲಿನ ಮೇಲೆ ಬೀಳಿಸಿದ್ದೆ, ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು, ಅಪ್ಪನಿಗೆ ಹೆದರಿ ಒರೆಸಿ ಇಟ್ಟುಬಿಟ್ಟೆ ಎಂದರು. ನಾನು ಸುಳ್ಳೆಂದುಕೊಂಡೇ ಹೇಳಿದ ಮಾತು ನಿಜವಾಗಿತ್ತು.

ಆ ಸಲ ಕ್ಷಮಾವಣಿಗೆ ಪಾಯಪ್ಪಣ್ಣ ಬರಲಿಲ್ಲ. ನಾನೇ ವಡಗಾವಿಗೆ ಹೋದೆ. ಹಾಸಿಗೆ ಹಿಡಿದಿದ್ದರು. ಕೈ ನಡುಗುತ್ತಿತ್ತು, ಗಲ್ಲದ ತುಂಬ ಬಿಳಿ ಕುರುಚಲು. ಕೂತವನೇ ಅತ್ತೆಯ ಮಾತನ್ನೆಲ್ಲ ಹೇಳಿದೆ. ಅವರು ಮೆಲ್ಲಗೆ ನಕ್ಕರು.

“ಇದನ್ನ ನೀ ಅವತ್ತ ಹೇಳಿದ್ದೆಲ್ಲೋ ತಮ್ಮಾ. ನನಗ ಕೆಟ್ಟ ಅನಸಬಾರದಂತ.”

ಇದು ಖರೇ ಎಂದು ಆಣೆ ಮಾಡಿದೆ. ಅತ್ತೆಗೆ ಫೋನ್ ಹಚ್ಚಲು ಹೋದೆ. ಪಾಪ, ಆಕೆಯ ಬಾಯಲ್ಲೂ ಯಾಕೆ ಸುಳ್ಳು ಹೇಳಿಸುತ್ತೀ ಎಂದು ನನ್ನ ಕೈ ಹಿಡಿದು ತಡೆದರು. ಆಮೇಲೆ ನಡುಗುವ ಕೈಗಳನ್ನು ಜೋಡಿಸಿದರು.

“ಅವತ್ತ ನಾ ನೀರು ಸೋಸಿರಲಿಲ್ಲ. ಅದು ನನಗ ಗೊತ್ತೈತಿ. ಇಷ್ಟ ವರ್ಷ ಬಂದೆ, ನೀ ಒಮ್ಮೆನೂ ಕ್ಷಮಾ ಮಾಡೇನಿ ಅನ್ನಲಿಲ್ಲ.”

ಹೌದು, ಒಮ್ಮೆಯೂ ಅಂದಿರಲಿಲ್ಲ. ಆ ಕೈಗಳು ನನ್ನ ಮುಂದೆ ಹಾಗೆಯೇ ನಿಂತಿದ್ದವು.

“ಕ್ಷಮಾ ಮಾಡೇನ್ರಿ ಅಣ್ಣಾ” ಎಂದೆ.

ಕೈಗಳು ಕೆಳಗಿಳಿದವು. ಕಣ್ಣು ಮುಚ್ಚಿಕೊಂಡರು, ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ. ದೀಪಾವಳಿಗೆ ಮೊದಲೇ ತೀರಿಕೊಂಡರು.

ಮಾಡದ ತಪ್ಪನ್ನು ಅವರ ತಲೆಯ ಮೇಲೆ ಹೊರಿಸಿಯೇ ಕಳಿಸಿದೆನಲ್ಲ ಎಂಬುದು ನನ್ನನ್ನು ಬಿಡುತ್ತಿಲ್ಲ. ಈ ವರ್ಷದ ಕ್ಷಮಾವಣಿಯ ದಿನ ಬೆಳಿಗ್ಗೆ ಬೆಳಗಾವಿ ಬಸ್ಸು ಹತ್ತಿ ಹೊರಟಿದ್ದೆ. ಇನ್ನು ಯಾರಲ್ಲಿ ಕ್ಷಮೆ ಕೇಳಲಿ ಅನ್ನಿಸಿತು. ನಡುದಾರಿಯ ಮಚ್ಛೆಯಲ್ಲೇ ಇಳಿದು ಮರಳಿ ಬಂದೆ.