ಹುಸೇನಸಾಬರ ವೋಟು

ಹುಸೇನಸಾಬರು ಒಂದು ಹಿಡಿ ಮೆಣಸಿನಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದರೆಂದರೆ ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರು. ಒಳಗಿನ ಬೀಜ ಗಲಗಲ ಎಂದರೆ ಕಾಯಿ ಒಣಗಿದೆ, ಇಲ್ಲದಿದ್ದರೆ ಇಲ್ಲ. ಆಮೇಲೆ ಒಂದನ್ನು ಮುರಿದು ಮೂಸಿ, ಎಷ್ಟು ದಿನ ಬಿಸಿಲು ಕಂಡಿದೆ ಎಂದು ಹೇಳುತ್ತಿದ್ದರು. "ಆತು, ಹೇಳೀನಿ" ಎಂದು ಕೈ ಝಾಡಿಸಿದರೆ ಮುಗಿಯಿತು, ಮುಂದೆ ವಾದವಿಲ್ಲ. ಎರಡೂ ಕಣ್ಣು ಹೋಗಿದ್ದ ಮನುಷ್ಯನ ಮಾತಿಗೆ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಅಂಥ ತೂಕವಿತ್ತು.

ನಾನು ಆ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅವರು ಅಲ್ಲೇ ಹಮಾಲರಾಗಿದ್ದವರು. ಕಣ್ಣು ಹೋದ ಮೇಲೆ ಮಾಲೀಕರು ಬಾಗಿಲ ಬಳಿ ಒಂದು ಸ್ಟೂಲು ಹಾಕಿ ಕೂರಿಸಿದ್ದರು. ಆಮೇಲೆ ಅದಕ್ಕಾಗಿ ಎಷ್ಟೋ ಸಲ ಪರಿತಪಿಸಿದ್ದರು ಕೂಡ, ಏಕೆಂದರೆ ನಾವೆಲ್ಲ ಚಾಚಾ ಎನ್ನುತ್ತಿದ್ದ ಅವರ ಬಾಯಿಗೆ ಬೀಗವಿರಲಿಲ್ಲ. ಒಮ್ಮೆ ಕಾಗಿನೆಲೆ ಕಡೆಯಿಂದ ಅವರ ಸ್ವಂತ ಅಳಿಯನೇ ಮಾಲು ತಂದ. ಖರೀದಿದಾರರ ಎದುರಿಗೇ ಇವರು, "ತೂಕ ಬರಲಿ ಅಂತ ಇದಕ್ಕ ನೀರು ಹೊಡದಾರ" ಎಂದುಬಿಟ್ಟರು. ಅಳಿಯ ಎರಡು ವರ್ಷ ಮನೆಗೆ ಕಾಲಿಡಲಿಲ್ಲ. ಹೆಂಡತಿ ಬೈದರೆ ಇವರದು ಒಂದೇ ಉತ್ತರ: "ಕೈಯಾಗ ಕೊಟ್ಟ, ಹೇಳಿದೆ. ಅಂವ ನನ್ನ ಅಳಿಯಾ ಅಂತ ಕಾಯಿಗೇನು ಗೊತ್ತು?"

ವೋಟಿನ ದಿನ ಮಾತ್ರ ಅವರ ದರ್ಬಾರೇ ಬೇರೆ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಎಣ್ಣೆ ಹಚ್ಚಿದ ಗಡ್ಡ, ಹೆಂಡತಿಯ ಹೆಗಲ ಮೇಲೆ ಕೈ. ಬೂತಿನ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತಿರುತ್ತಿದ್ದರು. ಅವರು ಹೇಳಿದ ಗುರುತಿಗೆ ಆಕೆ ಬಟನ್ ಒತ್ತುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಬಂದದ್ದು ಪುರಸಭೆಯ ಚುನಾವಣೆ.

ಆ ಸಲ ನಮ್ಮ ವಾರ್ಡಿನಲ್ಲಿ ಹಮಾಲ ಫಕ್ಕೀರಪ್ಪ ನಿಂತಿದ್ದ. ಹಮಾಲರ ಓಣಿಗೆ ಗಟಾರ ಮಾಡಿಸುತ್ತೇನೆಂದು ಹಟಕ್ಕೆ ಬಿದ್ದು ನಿಂತವನು, ಹಿಂದೆ ಪಕ್ಷವಿಲ್ಲ, ಗುರುತು ಹೊಲಿಗೆ ಯಂತ್ರ. ಕಣ್ಣು ಹೋದಂದಿನಿಂದ ಚಾಚಾನನ್ನು ದಿನಾ ಸಂಜೆ ಕೈಹಿಡಿದು ಮನೆ ಮುಟ್ಟಿಸುತ್ತಿದ್ದವನು ಅವನೇ. ಅಂಗಡಿಗೆ ಬಂದು ಅವರ ಕಾಲು ಮುಟ್ಟಿದ.

"ಚಾಚಾ, ನಿಂದೊಂದು ವೋಟು ನನಗ ಬೇಕು."

"ನಂದು ನಿನಗ. ಮಾತು ಕೊಟ್ಟೇನಿ, ಹೋಗು."

ಅವನು ಅಭ್ಯರ್ಥಿ, ಅವತ್ತು ಓಡಾಟದ ದಿನ. ಚಾಚಾನನ್ನು ಬೂತಿಗೆ ಕರೆದೊಯ್ಯುವ ಕೆಲಸ ನನಗೆ ಬಂತು. ಕುರುಡರ ಜೊತೆಗಾರನೆಂದು ಅಧಿಕಾರಿ ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಈ ವೋಟು ಯಾರಿಗೆ ಬಿತ್ತೆಂದು ಹೊರಗೆ ಹೇಳುವುದಿಲ್ಲ. ರಟ್ಟಿನ ಮರೆಯೊಳಗೆ ಚಾಚಾ ನನ್ನ ಮೊಣಕೈ ಹಿಡಿದುಕೊಂಡು ಪಿಸುಗುಟ್ಟಿದರು, "ಹೊಲಿಗಿ ಮಶಿನ್ ಐತಲ್ಲ, ಅದಕ್ಕ ಒತ್ತು."

ನಾನು ಬೇರೆಯದಕ್ಕೆ ಒತ್ತಿದೆ.

ನನ್ನನ್ನು ಯಾರೂ ಕೊಂಡಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಹಾಗೇನಾದರೂ ಆಗಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಫಕ್ಕೀರಪ್ಪ ಹೇಗೂ ಬಿದ್ದುಹೋಗುವವನು, ವೋಟು ದಂಡವಾಗುತ್ತದೆ, ನಮ್ಮ ಓಣಿಗೆ ನಲ್ಲಿ ತರಿಸುತ್ತೇನೆಂದವನಿಗಾದರೂ ಬೀಳಲಿ ಎಂದುಕೊಂಡೆ. ಕಾಣದವರಿಗೆ ಹೇಗೆ ಗೊತ್ತಾಗಬೇಕು ಎಂದೂ ಅಂದುಕೊಂಡೆ. ಮಶಿನ್ ಯಾವ ಬಟನ್ನಿಗೂ ಒಂದೇ ದನಿಯಲ್ಲಿ ಕೂಗುತ್ತದೆ. "ಆತೇನು?" ಎಂದರು. "ಆತ್ರಿ ಚಾಚಾ" ಎಂದೆ.

ಎಣಿಕೆಯ ದಿನ ಫಕ್ಕೀರಪ್ಪ ಮಧ್ಯಾಹ್ನವೇ ನೆಟ್ಟಗೆ ಅಂಗಡಿಗೆ ಬಂದ. ಸೋತದ್ದಕ್ಕೆ ಅವನಿಗೆ ಬೇಸರವಿರಲಿಲ್ಲ, ಅದು ಅವನಿಗೆ ಮೊದಲೇ ಗೊತ್ತಿತ್ತು. ಅವನ ಮಂದಿಯದು ಬೇರೆ ಬೂತು, ಅಲ್ಲಿ ಅಷ್ಟಿಷ್ಟು ಬಿದ್ದಿದ್ದವು. ಚಾಚಾ, ನಾನು ವೋಟು ಹಾಕಿದ ಬೂತಿನ ಮಶಿನ್ ತೆಗೆದಾಗ ಅವನ ಹೆಸರಿನ ಮುಂದೆ ಸೊನ್ನೆ ಓದಿದ್ದರು.

"ಒಂದರ ಇರಬೇಕಿತ್ತಲ್ಲ ಚಾಚಾ" ಎಂದ.

ಚಾಚಾನ ಮುಖ ಕಪ್ಪಿಟ್ಟಿತು. "ನಾ ಹಾಕೇನಿ. ಬಸಣ್ಣ ಜೋಡಿ ಇದ್ದ. ಹೇಳು ಬಸಣ್ಣ."

"ಹಾಕೇವಿ" ಎಂದೆ ನಾನು. ಫಕ್ಕೀರಪ್ಪ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚಾಚಾನ ಬೆನ್ನು ಸವರಿ, "ಹಂಗಾದ್ರ ಮಶಿನ್ನ ಖೊಟ್ಟಿ ಐತಿ, ಬಿಡ್ರಿ" ಎಂದು ಹೊರಟುಹೋದ.

ಅವತ್ತಿನಿಂದ ಚಾಚಾ ಅದೊಂದನ್ನೇ ಹಿಡಿದರು. ರಾಣೆಬೆನ್ನೂರಿನಿಂದ, ಹಾವೇರಿಯಿಂದ ಕಾಯಿ ತಂದ ರೈತರಿಗೆಲ್ಲ ಕಾಯಿ ಮೂಸಿ ಹೇಳಿದ ಮೇಲೆ ಇದನ್ನೂ ಹೇಳುತ್ತಿದ್ದರು: "ನನ್ನ ವೋಟು ಮಶಿನ್ ನುಂಗೇತಿ. ಖರೇ ಹೇಳಾಕತ್ತೇನಿ." ಅಳಿಯನ ಕಾಯಿಯನ್ನೂ ಬಿಡದ ಮನುಷ್ಯ ಹೇಳಿದ್ದನ್ನು ಯಾರು ನಂಬುವುದಿಲ್ಲ? ನಮ್ಮ ಓಣಿಯಲ್ಲೇ ಆರೇಳು ಮನೆಯವರು ಇನ್ನು ವೋಟಿಗೆ ಹೋಗುವುದಿಲ್ಲ ಎಂದುಬಿಟ್ಟರು. ಕಾಯಿಯ ತೊಟ್ಟು ಬಿಡಿಸುವ ಹೆಂಗಸರು, "ಹೋಗಿ ಏನ್ ಮಾಡೂದ್ರಿ, ಚಾಚಾಂದ ಹೋತು, ನಮ್ಮದು ಉಳೀತೈತೇನು?" ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಬರೆಯುತ್ತ ಕೂರುತ್ತಿದ್ದೆ. ಸಹಿ ಹಾಕಿದ ಕಾಗದದ ಮಾತೊಂದನ್ನು ಮಾತ್ರ ನಿಯತ್ತಾಗಿ ಪಾಲಿಸಿದೆ.

ಮುಂದಿನ ಚುನಾವಣೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಈ ಸಲ ಅವರು ಹೇಳಿದ್ದಕ್ಕೇ ಒತ್ತಿ ಪಾಪ ಕಳೆದುಕೊಳ್ಳಬೇಕೆಂಬ ಹಂಚಿಕೆ ನನ್ನದು. ಅವರು ಮಾಸಿದ ಲುಂಗಿಯಲ್ಲಿ ಹೊಸ್ತಿಲ ಮೇಲೆ ಕೂತಿದ್ದರು.

"ನಾ ಬರೂದಿಲ್ಲ ಬಸಣ್ಣ. ನಿನ್ನ ಮ್ಯಾಲ ಸಂಶೆ ಅಲ್ಲಪಾ. ನೀ ಇರಲಿಲ್ಲಂದ್ರ ನಾನ ಮಾತು ತಪ್ಪಿದೆ ಅಂತಿದ್ರು ಮಂದಿ. ನೀ ಒಬ್ಬ ಸಾಕ್ಷಿ ಅದೀ ನನಗ."

ಹೇಳಬೇಕೆಂದು ಬಾಯಿ ತೆರೆದೆ. ಚಹಾ ಕುಡಿದು ಹೋಗು ಎಂದರು. ಕುಡಿದು ಬಂದೆ. ಅವರು ಮತ್ತೆ ಬೂತಿನ ಮೆಟ್ಟಿಲು ಹತ್ತಲಿಲ್ಲ.

ಹೋದ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಖಬರಸ್ತಾನದಲ್ಲಿ ಮಣ್ಣು ಹಾಕಿ ಜನ ಚದುರಿದ ಮೇಲೆ ಫಕ್ಕೀರಪ್ಪ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಫಕ್ಕೀರಪ್ಪ, ಆ ವೋಟು..." ಎಂದೆ.

"ಗೊತ್ತೈತಿ. ಅವತ್ತ ನಿನ್ನ ಮಾರಿ ನೋಡಿದ ಕೂಡ್ಲೆ ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ದಿ?"

"ಕಣ್ಣಿಲ್ಲದ ಮನಿಷಾ. ದಿನಾ ನಿನ್ನ ಬಾಜೂಕ ಕುಂದ್ರಬೇಕಾಗಿತ್ತು. ಮಶಿನ್ ಮ್ಯಾಲಿನ ನಂಬಿಕಿ ಹ್ವಾದ್ರ ಮನ್ಯಾಗ ಕುಂದ್ರತಾನ. ಮಂದಿ ಮ್ಯಾಲಿಂದು ಹ್ವಾದ್ರ ಯಾರ ಕೈ ಹಿಡದು ಅಡ್ಡಾಡಬೇಕಿತ್ತು ಅಂವ?"

ಅವನು ಟವೆಲ್ಲಿನಿಂದ ಕೈ ಒರೆಸಿಕೊಂಡ. ಓಣಿಯವರು ಗೇಟಿನ ಹೊರಗೆ ನಮಗಾಗಿ ಕಾಯುತ್ತಿದ್ದರು.

"ಈಗ ಅಂವ ಇಲ್ಲ" ಎಂದ. "ಅವ್ರಿಗೆ ಹೇಳು ಹೋಗು."

ನಾನು ಗೇಟಿನವರೆಗೆ ನಡೆದೆ. ಯಾರೋ ಸರಿದು ನನಗೆ ಜಾಗ ಮಾಡಿಕೊಟ್ಟರು, ಚಾಚಾನಿಗೆ ಬೇಕಾದವನೆಂದು. ನಾನು ಹೇಳಲಿಲ್ಲ.