ದೃಷ್ಟಿಬೊಂಬೆಯ ಹುದ್ದೆಗೆ ಬಂದ ಚಿತ್ರ

ನಮ್ಮ ದಾವಣಗೆರೆಯಲ್ಲಿ ಕಟ್ಟುವ ಮನೆಗೆ ಬಾಗಿಲು ಬರುವ ಮೊದಲೇ ದೃಷ್ಟಿಬೊಂಬೆ ಬಂದಿರುತ್ತದೆ. ಕೆಟ್ಟ ಕಣ್ಣುಗಳನ್ನೆಲ್ಲ ತನ್ನ ಮೇಲೆಳೆದುಕೊಳ್ಳಲು ಇಟ್ಟಿಗೆಯ ನೆತ್ತಿಯಲ್ಲಿ ನಾಲಿಗೆ ಚಾಚಿ ಕುಳಿತ ಆ ಮಹಾಶಯನನ್ನು ನೀವೂ ನೋಡಿರುತ್ತೀರಿ. ಆವರಗೆರೆಯ ಅಂಚಿನಲ್ಲಿ ನಾನು ಕಟ್ಟಿಸಿದ ಮನೆಯಲ್ಲಿ ಮಾತ್ರ ಆ ಹುದ್ದೆಗೆ ಅಮೂರ್ತ ಕಲೆಯ ನೇಮಕವಾಯಿತು.

ಹರಿಹರದ ರುದ್ರೇಶಪ್ಪ ನನ್ನ ಬಹುಕಾಲದ ಗೆಳೆಯ, ಚಿತ್ರಕಾರ. ಅವನ ಚಿತ್ರಗಳಲ್ಲಿ ಮರವಿಲ್ಲ, ಮನುಷ್ಯನಿಲ್ಲ, ಮಾರಾಟವೂ ಇಲ್ಲ. ಆಕಾರಕ್ಕೆ ಹೆಸರಿಟ್ಟರೆ ಕಣ್ಣು ಸೋಮಾರಿಯಾಗುತ್ತದೆ, ಕೆಂಪು ಉರಿಯಬೇಕಾದರೆ ಅದರಡಿಯಲ್ಲಿ ಕಪ್ಪು ಹೊಗೆಯಾಡುತ್ತಿರಬೇಕು, ಚಿತ್ರ ಆಳೆತ್ತರವಿದ್ದರೇ ನೋಡುವವನು ನೆಟ್ಟಗೆ ನಿಲ್ಲುತ್ತಾನೆ ಎಂಬುದು ಅವನ ಸಿದ್ಧಾಂತ. ಅರ್ಥವಾದವನಂತೆ ತಲೆಯಾಡಿಸುವ ಕಲೆಯಲ್ಲಿ ನಾನು ನುರಿತವನಾದ್ದರಿಂದ ಅವನು ಸಂಪ್ರೀತನಾಗಿ, ಹೊಸ ಮನೆಗೆಂದು ಆಳೆತ್ತರದ ಕೆಂಪು-ಕಪ್ಪು ಚಿತ್ರವೊಂದನ್ನು ಗೂಡ್ಸ್ ಆಟೋದಲ್ಲಿ ಕಳಿಸಿದ. ಅದು ನಮ್ಮ ಬಾಡಿಗೆ ಮನೆಯ ಮೆಟ್ಟಿಲ ತಿರುವನ್ನೇ ದಾಟಲಿಲ್ಲ. ಕಟ್ಟುತ್ತಿದ್ದ ಮನೆಗೇ ಸಾಗಿಸಿದೆವು. ಅಲ್ಲಿ ನನ್ನ ಹೆಂಡತಿ ಶಿವಲೀಲಾ ಅದನ್ನು ದಿಟ್ಟಿಸಿ ನೋಡಿ, "ಬೊಂಬೆ ಯಾಕ ತರ್ಬೇಕು, ಇದೇ ಸಾಕು" ಎಂದು ಗಾರೆಯವರಿಂದ ಮೇಲಂತಸ್ತಿಗೆ ಕಟ್ಟಿಸಿಬಿಟ್ಟಳು.

ಒಂದು ಭಾನುವಾರ ಹೇಳದೆ ಕೇಳದೆ ರುದ್ರೇಶಪ್ಪ ಬಂದ. ರಸ್ತೆಯಾಚೆಯೇ ನಿಂತು ಕತ್ತೆತ್ತಿದ. ಗೆಳೆತನ ಮುಗಿಯಿತೆಂದುಕೊಂಡೆ. ಲೋಕದಲ್ಲಿ ನನ್ನನ್ನು ರಸಿಕನೆಂದು ನಂಬಿದವನು ಅವನೊಬ್ಬನೇ.

"ಇದನ್ನ ಯಾರಾದ್ರೂ ನೋಡ್ತಾರೇನು ತಂಗಿ?" ಎಂದು ಶಿವಲೀಲಾಳನ್ನು ಕೇಳಿದ.

"ಹೋಗೋರು ಬರೋರೆಲ್ಲ ನಿಂತು ನೋಡ್ತಾರಣ್ಣ. ಇದನ್ನ ನೋಡ್ತಾ ನಮ್ಮನಿ ನೋಡೋದೇ ಮರೀತಾರೆ."

ಪ್ರದರ್ಶನಗಳಲ್ಲಿ ಜನ ತನ್ನ ಚಿತ್ರ ಬಿಟ್ಟು ಫ್ಯಾನಿನ ಗಾಳಿ ಹುಡುಕುವುದನ್ನು ಕಂಡು ಬೆಂದವನು ಅವನು. ಮುಖ ಅರಳಿತು. ಚಹಾ ಕುಡಿದು ಹೊರಡುವಾಗ ಮಾತ್ರ ಮೆಲ್ಲಗೆ ಕೇಳಿದ: "ಮನಿ ಮುಗಿದ ಮ್ಯಾಲೆ ಇಳಿಸ್ತೀರಿ, ಅಲ್ಲೇನು?"

ಬೊಂಬೆಗಳ ಆಯಸ್ಸು ಅಷ್ಟೇ ಎಂದು ಅವನಿಗೂ ಗೊತ್ತು. ನನಗೆ ಸಂಕಟವಾಯಿತು. "ಮುಗೀಲಿ ತಡಿ" ಎಂದೆ.

ಗೃಹಪ್ರವೇಶವಾಗಿದೆ, ಹಾಲು ಉಕ್ಕಿದೆ. ಚಿತ್ರ ಕಟ್ಟಿದ ಮೇಲಿನ ಒಂದು ಗೋಡೆಗೆ ಮಾತ್ರ ಇನ್ನೂ ಗಿಲಾವು ಬಿದ್ದಿಲ್ಲ. ನೆಂಟರು ಕೇಳಿದರೆ ನಾನು ಸಿಮೆಂಟಿನ ಬೆಲೆಯನ್ನು ಶಪಿಸುತ್ತೇನೆ, ಶಿವಲೀಲಾ ಗಾರೆಯವರು ಸಿಗುತ್ತಿಲ್ಲ ಎನ್ನುತ್ತಾಳೆ. ಇಬ್ಬರ ಸುಳ್ಳೂ ಒಂದಕ್ಕೊಂದು ಹೊಂದುವುದಿಲ್ಲ. ವರ್ಷಗಟ್ಟಲೆ ಬೊಂಬೆ ಹೊತ್ತು ಅರೆಬರೆ ನಿಂತ ಮನೆಗಳನ್ನು ಊರಲ್ಲಿ ಕಂಡಾಗಲೆಲ್ಲ ಈಗ ನನಗೊಂದು ಗುಮಾನಿ: ಆ ಮನೆಯವರಿಗೂ ಹರಿಹರದಲ್ಲೊಬ್ಬ ಗೆಳೆಯನಿರಬೇಕು.